ವಾರದ ಇಂಜೆಕ್ಷನ್ ಮತ್ತು ಹೊಟ್ಟೆಯ ತಕರಾರು: ಮಲೆನಾಡಿನವರಿಗೊಂದು ಮಾರ್ಗದರ್ಶಿ

2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ, ಡಿಸೆಂಬರ್‌ನಲ್ಲಿ ಒಜೆಂಪಿಕ್ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಗಳಿಂದ ಶುಗರ್ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಆದರೆ ಮೊದಲ ತಿಂಗಳಲ್ಲೇ ಹೊಟ್ಟೆ ತೊಳಸಿ, ವಾಂತಿಯಾಗಿ, ಈ ಸಹವಾಸವೇ ಬೇಡ ಎಂದು ಬಿಟ್ಟುಬಿಡುವವರಿದ್ದಾರೆ. ಅವರಲ್ಲಿ ಎಷ್ಟೋ ಜನ ಬಿಡಬೇಕಾಗಿಯೇ ಇರಲಿಲ್ಲ. ತಟ್ಟೆಯಲ್ಲಿ ಹಳೆಯ ಅಳತೆ ಹಾಗೇ ಉಳಿದಿರುತ್ತದೆ, ಇಲ್ಲವೇ ಡೋಸ್ ಏರಿಸುವುದರಲ್ಲಿ ಅವಸರವಾಗಿರುತ್ತದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಆಸ್ಪತ್ರೆಗೆ ಓಡಬೇಕಾದ ನೋವನ್ನು ಇಂಜೆಕ್ಷನ್ನಿನ ಗುಣವೆಂದು ಸಹಿಸಿಕೊಂಡು ಕೂರುತ್ತಾರೆ. ಮನೆಯಲ್ಲೇ ಸುಧಾರಿಸಿಕೊಳ್ಳಬಹುದಾದದ್ದು ಯಾವುದು, ತಡಮಾಡಬಾರದ್ದು ಯಾವುದು ಎಂಬುದು ಮೊದಲೇ ಗೊತ್ತಿರಬೇಕು. ಹೊಸನಗರದ ಒಳಹಳ್ಳಿಯಲ್ಲೋ ಶರಾವತಿ ಹಿನ್ನೀರಿನ ಆಚೆಯೋ ಇರುವವರಿಗಂತೂ ಇದು ಇನ್ನೂ ಮುಖ್ಯ.

ಒಳಗೆ ಏನಾಗುತ್ತದೆ

ಒಜೆಂಪಿಕ್ ಮತ್ತು ವೆಗೋವಿ ಎರಡರಲ್ಲೂ ಇರುವುದು ಸೆಮಾಗ್ಲುಟೈಡ್. ಮೌಂಜಾರೋದಲ್ಲಿ ಇರುವುದು ಟಿರ್ಜೆಪಟೈಡ್. ಊಟವಾದ ಮೇಲೆ ಕರುಳು ತಾನೇ ಬಿಡುಗಡೆ ಮಾಡುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಕೆಲಸವನ್ನು ಇವು ಮಾಡುತ್ತವೆ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಈ ಔಷಧಗಳು ದಿನಗಟ್ಟಲೆ ಉಳಿಯುತ್ತವೆ. ಮೆದುಳಿನಲ್ಲಿ ಹಸಿವನ್ನು ತಗ್ಗಿಸುತ್ತವೆ, ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನ ಮಾಡುತ್ತವೆ. ಹೀಗಾಗಿ ಮಧ್ಯಾಹ್ನ ಒಂದು ಗಂಟೆಗೆ ಉಂಡ ಅನ್ನ ಸಂಜೆಯವರೆಗೂ ಹೊಟ್ಟೆಯಲ್ಲೇ ಇರಬಹುದು. ಅದರ ಮೇಲೆ ನಾಲ್ಕು ಗಂಟೆಯ ಕಾಫಿ-ತಿಂಡಿ ಬಿದ್ದರೆ ತೇಗು, ಉಬ್ಬರ, ಓಕರಿಕೆ. ಹೆಚ್ಚಿನ ತೊಂದರೆಗಳ ಮೂಲ ಇಷ್ಟೇ.

ಸೆಮಾಗ್ಲುಟೈಡ್‌ನ ಅರ್ಧದಷ್ಟು ಅಂಶ ದೇಹದಿಂದ ಹೊರಹೋಗಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ಪೂರ್ತಿ ಹೋಗಲು ನಾಲ್ಕೈದು ವಾರ. ವಾಂತಿಯಾಯಿತೆಂದು ಒಂದು ವಾರದ ಇಂಜೆಕ್ಷನ್ ಬಿಟ್ಟರೆ ಮರುದಿನವೇ ಆರಾಮಾಗದಿರಲು ಇದೇ ಕಾರಣ.

ಮೊದಲ ಇಂಜೆಕ್ಷನ್‌ಗೆ ಮುಂಚೆ

ವೈದ್ಯರ ಚೀಟಿ ಇಲ್ಲದೆ ಇದನ್ನು ಶುರುಮಾಡಬೇಡಿ. ನೆಂಟರ ಮನೆಯ ಪೆನ್ನಿನಿಂದ (ಔಷಧ ತುಂಬಿದ, ಪೆನ್ನಿನಾಕಾರದ ಇಂಜೆಕ್ಷನ್ ಸಾಧನ) ಒಂದು ಡೋಸ್ ಹಾಕಿಕೊಂಡು ನೋಡುವುದಂತೂ ಬೇಡವೇ ಬೇಡ. ಸೂಜಿ ಬದಲಿಸಿದರೂ ಪೆನ್ನಿನ ಮೂಲಕ ರಕ್ತದ ಸೋಂಕು ಹರಡಬಹುದು. ಕೊಳ್ಳುವಾಗ ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇದೆಯೇ, ಡಬ್ಬಿಯ ಸಂಖ್ಯೆಯೂ ಅದೇ ಆಗಿದೆಯೇ ನೋಡಿ. ಫ್ರಿಜ್‌ನಿಂದ ತೆಗೆದುಕೊಡುವ ಅಂಗಡಿಯಲ್ಲೇ ತಗೊಳ್ಳಿ.

ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಸಂಗತಿಗಳಿವೆ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡುಲ್ಲರಿ ಕ್ಯಾನ್ಸರ್ ಬಂದಿತ್ತೇ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಮೂತ್ರಪಿಂಡದ ತೊಂದರೆ ಇದೆಯೇ, ಗರ್ಭಿಣಿಯಾಗುವ ಯೋಚನೆ ಇದೆಯೇ ಎಂಬುದೆಲ್ಲ ಅವರಿಗೆ ತಿಳಿದಿರಬೇಕು. ಮೆಡುಲ್ಲರಿ ಕ್ಯಾನ್ಸರ್‌ನ ಇತಿಹಾಸವಿದ್ದರೆ ಈ ಔಷಧ ಕೊಡುವುದಿಲ್ಲ. ಹೈಪೋಥೈರಾಯ್ಡ್ ಎಂದು ಮಾತ್ರೆ ನುಂಗುವವರಿಗೆ ಆ ಭಯ ಬೇಕಿಲ್ಲ, ಅದೇ ಬೇರೆ ಕಾಯಿಲೆ.

ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಶುಗರ್ ಮಾತ್ರೆಗಳಾದ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದರೆ ಅವುಗಳ ಡೋಸ್ ಇಳಿಸಬೇಕಾಗಬಹುದು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಎಂಬ ಶುಗರ್ ಮಾತ್ರೆಗಳಿದ್ದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಆ ಮಾತ್ರೆ, ಈ ಇಂಜೆಕ್ಷನ್ ಎರಡೂ ಕೆಲಸ ಮಾಡುವುದು ಒಂದೇ ದಾರಿಯಲ್ಲಿ, ಜೊತೆಗಿಟ್ಟುಕೊಂಡು ಲಾಭವಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಲಿವರ್ ಪರೀಕ್ಷೆಗಳ ಜೊತೆ ಕಣ್ಣಿನ ರೆಟಿನಾ ಪರೀಕ್ಷೆಯೂ ಆಗಲಿ. ಬಹಳ ದಿನ ಏರಿದ್ದ ಶುಗರ್ ಬೇಗ ಇಳಿದಾಗ ಮೊದಲೇ ಹಾಳಾಗಿದ್ದ ರೆಟಿನಾ ಕೆಲವರಲ್ಲಿ ಇನ್ನಷ್ಟು ಕೆಡುತ್ತದೆ. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ಈ ಪರೀಕ್ಷೆ ಬಿಡುವವರೇ ಹೆಚ್ಚು, ಬಿಡಬೇಡಿ.

ಡೋಸ್ ಏರಿಸುವ ಮೆಟ್ಟಿಲು

ಒಜೆಂಪಿಕ್ 0.25 ಮಿಲಿಗ್ರಾಂನಿಂದ ಶುರು. ನಾಲ್ಕು ವಾರದ ನಂತರ 0.5, ಬೇಕಾದರೆ 1. ವೆಗೋವಿಯ ಮೆಟ್ಟಿಲುಗಳು 0.25, 0.5, 1, 1.7, 2.4. ಮೌಂಜಾರೋ 2.5 ಮಿಲಿಗ್ರಾಂನಿಂದ ಶುರುವಾಗಿ ನಾಲ್ಕು ವಾರಕ್ಕೆ 5 ಆಗುತ್ತದೆ, ಅಲ್ಲಿಂದ 2.5ರಂತೆ ಏರುತ್ತ ಗರಿಷ್ಠ 15ರವರೆಗೆ ಹೋಗಬಹುದು. ಒಂದೊಂದು ಮೆಟ್ಟಿಲಿನಲ್ಲೂ ಕನಿಷ್ಠ ನಾಲ್ಕು ವಾರ.

ಮೊದಲ ತಿಂಗಳ ಡೋಸ್ ಇರುವುದು ತೂಕ ಇಳಿಸಲಿಕ್ಕಲ್ಲ, ಹೊಟ್ಟೆಗೆ ಅಭ್ಯಾಸ ಮಾಡಿಸಲಿಕ್ಕೆ. ತೂಕ ಇಳಿಯಲಿಲ್ಲವೆಂದು ಎರಡನೇ ವಾರಕ್ಕೇ ಏರಿಸಿಕೊಂಡರೆ ವಾಂತಿ ಕಟ್ಟಿಟ್ಟ ಬುತ್ತಿ. ನಾಲ್ಕು ವಾರವೆಂಬುದು ಕನಿಷ್ಠ ಅವಧಿ, ಗಡುವಲ್ಲ. ಆ ಹೊತ್ತಿಗೂ ಓಕರಿಕೆ ಹೋಗಿರದಿದ್ದರೆ ಅದೇ ಡೋಸ್‌ನಲ್ಲಿ ಇನ್ನೊಂದು ತಿಂಗಳು ಉಳಿಯಲು ವೈದ್ಯರನ್ನು ಕೇಳಿ. ಶುಗರ್ ಹತೋಟಿಗೆ ಬಂದು ತೂಕವೂ ನಿಧಾನಕ್ಕೆ ಇಳಿಯುತ್ತಿದ್ದರೆ ಏರಿಸಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

ವಾರದ ಯಾವ ದಿನ ಚುಚ್ಚಿಕೊಳ್ಳಬೇಕು ಎಂಬುದನ್ನೂ ಯೋಚಿಸಿ ಇಟ್ಟುಕೊಳ್ಳಿ. ಹಲವರಿಗೆ ಚುಚ್ಚಿಕೊಂಡ ಮರುದಿನ, ಅದರ ಮಾರನೆಯ ದಿನ ಹೊಟ್ಟೆ ಹೆಚ್ಚು ತೊಳಸುತ್ತದೆ. ಭಾನುವಾರ ಮದುವೆ-ಗೃಹಪ್ರವೇಶದ ಊಟಗಳಿದ್ದರೆ ಶುಕ್ರವಾರ, ಶನಿವಾರ ಬೇಡ, ಸೋಮವಾರ ಅಥವಾ ಮಂಗಳವಾರ ಒಳ್ಳೆಯದು. ಅಡಿಕೆ ಕೊಯ್ಲಿನಲ್ಲಿ ಮನೆಯವರೆಲ್ಲ ರಾತ್ರಿ ಹನ್ನೊಂದರವರೆಗೆ ಸುಲಿಯುತ್ತ ಕೂತು ಹೊತ್ತುಮೀರಿ ಉಣ್ಣುವ ಕಾಲದಲ್ಲಿ ಡೋಸ್ ಏರಿಸುವುದನ್ನು ಮುಂದಕ್ಕೆ ಹಾಕಿದರೆ ನಷ್ಟವೇನಿಲ್ಲ.

ಚುಚ್ಚುವುದು, ಇಡುವುದು

ಹೊಕ್ಕುಳಿನ ಸುತ್ತ ಎರಡು ಇಂಚು ಬಿಟ್ಟು ಹೊಟ್ಟೆ, ತೊಡೆಯ ಮುಂಭಾಗ, ತೋಳಿನ ಹಿಂಭಾಗ: ಇವು ಮೂರು ಜಾಗ. ತೋಳಿಗೆ ಬೇರೆಯವರು ಚುಚ್ಚಬೇಕು. ಪ್ರತಿ ವಾರ ಜಾಗ ಬದಲಿಸಿ, ಹೊಟ್ಟೆಯಲ್ಲೇ ಆದರೂ ಹಿಂದಿನ ವಾರದ ಜಾಗದಿಂದ ಎರಡು ಬೆರಳು ದೂರವಿರಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಿದರೆ ಉರಿಯುತ್ತದೆ, ಅರ್ಧ ಗಂಟೆ ಹೊರಗಿಟ್ಟು ಚುಚ್ಚಿ. ಸ್ಪಿರಿಟ್ ಒರೆಸಿದ್ದರೆ ಪೂರ್ತಿ ಆರಲಿ. ಡೋಸ್‌ನ ಗುಂಡಿ ಒತ್ತಿ ಪೆನ್ನಿನ ಮೇಲಿನ ಪುಟ್ಟ ಕಿಟಕಿಯಲ್ಲಿ ಸೊನ್ನೆ ಕಂಡ ಮೇಲೂ ನಿಧಾನವಾಗಿ ಆರು ಎಣಿಸುವವರೆಗೆ ಸೂಜಿ ತೆಗೆಯಬೇಡಿ. ಬೇಗ ತೆಗೆದರೆ ಔಷಧ ಚರ್ಮದ ಮೇಲೆ ಹನಿಯಾಗಿ ನಿಲ್ಲುತ್ತದೆ. ಅಷ್ಟು ಡೋಸ್ ಪೋಲಾಯಿತೆಂದೇ ಲೆಕ್ಕ, ಮತ್ತೆ ಚುಚ್ಚಿಕೊಳ್ಳಬೇಡಿ. ಸಣ್ಣ ಕೆಂಪು ಗುಳ್ಳೆ, ತುರಿಕೆ ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ.

ಮೌಂಜಾರೋ ಸೀಸೆಯಲ್ಲಿ ಬಂದಿದ್ದರೆ ಸಿರಿಂಜ್ ಬಗ್ಗೆ ಎಚ್ಚರ ಬೇಕು. ಒಂದು ಸೀಸೆ ಎಂದರೆ 0.5 ಎಂ.ಎಲ್., ಅದು ಒಂದೇ ಡೋಸ್. 100 ಯೂನಿಟ್‌ನ, ಕಿತ್ತಳೆ ಮುಚ್ಚಳದ ಇನ್ಸುಲಿನ್ ಸಿರಿಂಜ್‌ನಲ್ಲಿ ಅದು 50ರ ಗೆರೆ. ನಮ್ಮ ಕಡೆ ಇನ್ನೂ ಧಾರಾಳವಾಗಿ ಸಿಗುವ 40 ಯೂನಿಟ್‌ನ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಅದೇ 0.5 ಎಂ.ಎಲ್. 20ರ ಗೆರೆಗೆ ಬರುತ್ತದೆ. ಯಾವ ಸಿರಿಂಜ್ ಬಳಸಬೇಕೆಂದು ಅಂಗಡಿಯವರಿಂದಲ್ಲ, ಚೀಟಿ ಬರೆದವರಿಂದ ತಿಳಿದುಕೊಳ್ಳಿ. ದುಡ್ಡು ಉಳಿಸಲು ಒಂದು ಸೀಸೆಯನ್ನು ಎರಡು ವಾರಕ್ಕೆ ಹಂಚುವುದು ಅಪಾಯ. ಒಂದೇ ಡೋಸ್‌ಗೆಂದು ಮಾಡಿದ ಆ ಸೀಸೆಯಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ, ಒಮ್ಮೆ ಚುಚ್ಚಿದ ಮೇಲೆ ಒಳಗೆ ಸೂಕ್ಷ್ಮಾಣು ಬೆಳೆಯಬಹುದು.

ತೆರೆಯದ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್‌ನ ನಡುವಿನ ತಟ್ಟೆ ಸರಿಯಾದ ಜಾಗ. ಫ್ರೀಜರ್‌ನ ಕೆಳಗೆ, ಹಿಂದಿನ ಗೋಡೆಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಕರಗಿ ನೀರಿನಂತೆ ತಿಳಿಯಾಗಿ ಕಂಡರೂ ಎಸೆಯಲೇಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಗಾಬರಿಪಟ್ಟು ಪೆನ್ನನ್ನು ಐಸ್ ಒಳಗೆ ಹೂತಿಟ್ಟು ಹಾಳುಮಾಡಿಕೊಳ್ಳುವವರಿದ್ದಾರೆ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆ ಜುಲೈನಲ್ಲಿ ಮನೆಯೊಳಗಿನ ತಾಪ 30 ಡಿಗ್ರಿ ದಾಟುವುದಿಲ್ಲ, ಐಸಿನ ಅಗತ್ಯವೇ ಇಲ್ಲ. ಬಳಸಲು ಶುರುಮಾಡಿದ ಸೆಮಾಗ್ಲುಟೈಡ್ ಪೆನ್ನನ್ನು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ಆರು ವಾರ, ಮೌಂಜಾರೋ ಕ್ವಿಕ್‌ಪೆನ್ನನ್ನು 30 ದಿನ ಇಡಬಹುದು. ತೆರೆಯದ ಮೌಂಜಾರೋ ಸೀಸೆಯೂ ಹೊರಗೆ 21 ದಿನ ತಡೆಯುತ್ತದೆ. ಕಂಪನಿ ಬೇರೆಯಾದರೆ ಈ ಲೆಕ್ಕವೂ ಬೇರೆ, ಡಬ್ಬಿಯೊಳಗಿನ ಕಾಗದ ನೋಡಿ. ಕಷ್ಟವಿರುವುದು ಏಪ್ರಿಲ್‌ನ ಶಿವಮೊಗ್ಗ, ಭದ್ರಾವತಿಯಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅರ್ಧ ಗಂಟೆ ಇಟ್ಟ ಪೆನ್ನನ್ನೂ ನಂಬುವಂತಿಲ್ಲ.

ಓಕರಿಕೆ: ಮದ್ದು ತಟ್ಟೆಯಲ್ಲೇ ಇದೆ

ಮೊದಲ ಕೆಲಸ, ತಟ್ಟೆ ಬದಲಿಸಿ. ಊಟದ ತಟ್ಟೆ ಒಳಗಿಟ್ಟು ತಿಂಡಿ ತಟ್ಟೆಯಲ್ಲಿ ಉಣ್ಣಿ. ಹಿಂದೆ ಉಣ್ಣುತ್ತಿದ್ದುದರ ಅರ್ಧ ಬಡಿಸಿಕೊಂಡು, ಇಪ್ಪತ್ತು ನಿಮಿಷ ತಗೊಂಡು, ಹೊಟ್ಟೆ ತುಂಬುತ್ತಿದೆ ಅನ್ನಿಸಿದ ಕೂಡಲೇ ಏಳಿ. ಸಾಕು ಅನ್ನಿಸಿದ ಮೇಲಿನ ನಾಲ್ಕು ತುತ್ತೇ ವಾಂತಿಗೆ ಕಾರಣವಾಗುವುದು. ಎಲೆಯಲ್ಲಿ ಅನ್ನ ಬಿಡಬಾರದೆಂಬ ಸಂಸ್ಕಾರ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಚ್ಯುತಿ ಬರದಿರಬೇಕಾದರೆ ಬಡಿಸಿಕೊಳ್ಳುವಾಗಲೇ ಕೈ ಅಡ್ಡ ಹಿಡಿಯಬೇಕು. ಮದುವೆ ಮನೆಯಲ್ಲಿ ಬಡಿಸುವವರು ಒತ್ತಾಯ ಮಾಡಿದರೆ "ಹೊಟ್ಟೆ ಸರಿಯಿಲ್ಲ ಮಾರಾಯ್ರೇ" ಎಂದರೆ ಸಾಕು, ಯಾರೂ ಬೇಸರಪಡುವುದಿಲ್ಲ.

ಎರಡನೆಯದು ಜಿಡ್ಡು. ಎಣ್ಣೆ-ತುಪ್ಪದ ಆಹಾರ ಮೊದಲೇ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಈ ಔಷಧವಿದ್ದಾಗ ಇನ್ನೂ ಹೆಚ್ಚು. ಚುಚ್ಚಿಕೊಂಡ ದಿನ ಮತ್ತು ಮುಂದಿನ ಎರಡು ದಿನ ಬಜ್ಜಿ, ಪೂರಿ, ತುಪ್ಪ ಸುರಿದ ಹೋಳಿಗೆ, ಹಂದಿ ಮಾಂಸದ ಪಲ್ಯ, ಗಟ್ಟಿ ತೆಂಗಿನಹಾಲಿನ ಪದಾರ್ಥ ಬೇಡ. ಅಕ್ಕಿ ರೊಟ್ಟಿ ಬೇಕೆನಿಸಿದರೆ ಒಂದೇ ರೊಟ್ಟಿ, ಬೆಣ್ಣೆಯಿಲ್ಲದೆ. ಕಡುಬು ಎಣ್ಣೆ ಇಲ್ಲದ್ದಾದರೂ ಗಟ್ಟಿ ಪದಾರ್ಥ, ಎರಡಕ್ಕೆ ನಿಲ್ಲಿಸಿ.

ಏನು ಹಿಡಿಸುತ್ತದೆ? ಕುಚ್ಚಲಕ್ಕಿ ಗಂಜಿಯ ತಿಳಿ ಜೊತೆ ನಾಲ್ಕು ಚಮಚ ಅನ್ನ, ಹೆಸರುಬೇಳೆ ತೊವ್ವೆ, ಇಡ್ಲಿ, ಕೊಬ್ಬು ತೆಗೆದ ಮಜ್ಜಿಗೆ. ನಮ್ಮ ಮಲೆನಾಡಿನ ತಂಬುಳಿ ಈ ದಿನಗಳಿಗೆ ಬಹಳ ಒಗ್ಗುತ್ತದೆ. ಒಂದಿಂಚು ಹಸಿಶುಂಠಿ ಅಥವಾ ಏಳೆಂಟು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ಒಂದೇ ಚಮಚ ತೆಂಗಿನತುರಿ ಹುರಿದು ಅರೆದು ಎರಡು ಲೋಟ ತೆಳು ಮಜ್ಜಿಗೆಗೆ ಬೆರೆಸಿ. ತೆಂಗಿನತುರಿ ಹಿಡಿಗಟ್ಟಲೆ ಹಾಕಿದರೆ ಮತ್ತೆ ಜಿಡ್ಡೇ ಆಯಿತು. ಶುಂಠಿ ಓಕರಿಕೆಗೆ ಒಳ್ಳೆಯದು. ಆದರೆ ಕಾಳುಮೆಣಸಿನ ಖಾರದ ಕಷಾಯ ಎದೆಯುರಿ ಇರುವವರಿಗೆ ಆಗುವುದಿಲ್ಲ. ಅಪ್ಪೆಹುಳಿಯೂ ಹಾಗೇ: ಬಾಯಿರುಚಿಗೆ ಎರಡು ಚಮಚ ಸರಿ, ಲೋಟಗಟ್ಟಲೆ ಬೇಡ.

ಊಟದ ನಡುವೆ ನೀರು ಕುಡಿಯಬೇಡಿ, ಅರ್ಧ ಗಂಟೆ ಮುಂಚೆ ಅಥವಾ ನಂತರ ಗುಟುಕು ಗುಟುಕಾಗಿ ಕುಡಿಯಿರಿ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಇರಲಿ. ಖಾಲಿ ಹೊಟ್ಟೆಯಲ್ಲಿ ಕಾಫಿ, ಊಟವಾದ ಕೂಡಲೇ ಎಲೆ-ಅಡಿಕೆ-ಹೊಗೆಸೊಪ್ಪು ಎರಡೂ ಹೊಟ್ಟೆ ತೊಳಸಿಸುತ್ತವೆ. ಹೊಗೆಸೊಪ್ಪು ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಹಸಿವಿಲ್ಲವೆಂದು ದಿನವಿಡೀ ಉಪವಾಸ ಇರುವುದೂ ತಪ್ಪು, ಖಾಲಿ ಹೊಟ್ಟೆಗೂ ಓಕರಿಕೆ ಬರುತ್ತದೆ. ಮೂರು ದೊಡ್ಡ ಊಟದ ಬದಲು ಐದು ಸಣ್ಣವು ಮಾಡಿಕೊಳ್ಳಿ.

ಕೊಳೆತ ಮೊಟ್ಟೆಯ ವಾಸನೆಯ ತೇಗು ಬಂದರೆ ಹೆದರಬೇಡಿ. ಆಹಾರ ಹೊಟ್ಟೆಯಲ್ಲಿ ತಡವಾಗಿ ಹುಳಿತದ್ದರ ಗುರುತು ಅದು. ಎರಡು ದಿನ ಮೊಟ್ಟೆ, ಮಾಂಸ, ಎಲೆಕೋಸು, ಮೂಲಂಗಿ, ಈರುಳ್ಳಿ ಕಡಿಮೆ ಮಾಡಿ ರಾತ್ರಿಯೂಟ ಏಳು ಗಂಟೆಗೆ ಮುಗಿಸಿ.

ವಾಂತಿ, ಭೇದಿ ಶುರುವಾದರೆ

ವಾಂತಿಯಾದ ಕೂಡಲೇ ಲೋಟ ತುಂಬ ನೀರು ಕುಡಿದರೆ ಅದೂ ಹೊರಬರುತ್ತದೆ. ಹದಿನೈದು ನಿಮಿಷ ಬಿಟ್ಟು, ಐದು ನಿಮಿಷಕ್ಕೊಮ್ಮೆ ಎರಡು ಚಮಚದಂತೆ ಓಆರ್‌ಎಸ್ ಶುರುಮಾಡಿ, ನಿಂತರೆ ಗುಟುಕು ಹೆಚ್ಚಿಸಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಸಣ್ಣದಕ್ಕೆ 200 ಎಂ.ಎಲ್. ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ, ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕಬೇಡಿ. ಪೊಟ್ಟಣ ಇಲ್ಲವೇ? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟವಾಗಿ ಅಳೆದು. ಅಂಗಡಿಯ ರಟ್ಟಿನ ಡಬ್ಬಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಶುಗರ್ ಇದ್ದವರು ಓಆರ್‌ಎಸ್‌ನ ಸಕ್ಕರೆಗೆ ಹೆದರಬೇಕಿಲ್ಲ. ವಾಂತಿ-ಭೇದಿ ಇರುವಾಗ ಆ ಸಕ್ಕರೆಯೇ ಕರುಳಿನಿಂದ ಉಪ್ಪು-ನೀರನ್ನು ಒಳಗೆಳೆಯುವುದು.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ಇಲ್ಲಿಯೇ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು. ಉಂಡದ್ದು ನಿಲ್ಲದೆ, ನೀರೂ ದಕ್ಕದೆ ಇರುವಾಗ ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಶುಗರ್ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತಗೊಂಡರೆ ದೇಹ ಒಣಗುತ್ತದೆ, ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿ ಬರುವ ಆಮ್ಲ) ಏರಿ ಜೀವಕ್ಕೇ ಅಪಾಯವಾಗಬಹುದು. ಆಗ ಶುಗರ್ ಮೀಟರ್ ಅಷ್ಟೇನೂ ಹೆಚ್ಚು ತೋರಿಸದೆ ಮೋಸ ಮಾಡುತ್ತದೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಕೂಡ ಆ ದಿನಗಳಲ್ಲಿ ಬೇಡ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ಮಾತ್ರ ನಿಮ್ಮಷ್ಟಕ್ಕೆ ಪೂರ್ತಿ ನಿಲ್ಲಿಸಬೇಡಿ, ಎಷ್ಟು ಇಳಿಸಬೇಕೆಂದು ಕೇಳಿ. ಮೈಕೈ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಲೇಬೇಡಿ. ಈ ಸೂಚನೆಗಳನ್ನು ಕಾಯಿಲೆ ಬಂದಾಗ ಹುಡುಕುವುದಲ್ಲ. ಮೊದಲ ಭೇಟಿಯಲ್ಲೇ ವೈದ್ಯರಿಂದ ಚೀಟಿಯ ಹಿಂದೆ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ, ಏಕೆಂದರೆ ಮಳೆ ಹಿಡಿದರೆ ಫೋನ್ ಸಿಗ್ನಲ್ಲೂ ಹೋಗುತ್ತದೆ.

ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಹಳದಿಯಾದರೆ ಸರಿ, ಕಡುಹಳದಿಯಾದರೆ ನೀರು ಸಾಲದು. ಎಂಟು ಗಂಟೆ ಮೂತ್ರವೇ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಒಂದು ದಿನ ಪೂರ್ತಿ ಏನೂ ದಕ್ಕದಿದ್ದರೆ ಡ್ರಿಪ್ ಬೇಕಾಗುತ್ತದೆ, ಹೊರಡಿ.

ಮಲಬದ್ಧತೆ

ವಾಂತಿಯಷ್ಟು ಗದ್ದಲ ಮಾಡದಿದ್ದರೂ ತಿಂಗಳುಗಟ್ಟಲೆ ಕಾಡುವುದು ಇದು. ಕರುಳು ನಿಧಾನ, ಊಟ ಕಡಿಮೆ, ನೀರು ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಔಷಧವೂ ಹಲವರ ಬಾಯಾರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಬಾಯಾರಿಕೆಯನ್ನು ನಂಬದೆ ಅಳತೆಯಿಂದ ಕುಡಿಯಿರಿ: ಒಂದು ಲೀಟರ್‌ನ ಬಾಟಲಿ ಬೆಳಿಗ್ಗೆ ತುಂಬಿ ಮಧ್ಯಾಹ್ನದೊಳಗೆ ಒಂದು, ರಾತ್ರಿಯೊಳಗೆ ಇನ್ನೊಂದು. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಹೇಳಿದ ಮಿತಿಯೇ ಮಿತಿ. ಬಾಳೆದಿಂಡಿನ ಕೋಸಂಬರಿ, ಬಸಳೆ, ಹರಿವೆ, ಪಪ್ಪಾಯಿ ದಿನವೂ ಸ್ವಲ್ಪ ಸ್ವಲ್ಪ ಇರಲಿ. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಈಸಬ್‌ಗೋಲ್‌ಗೂ ಇದೇ ಮಾತು, ಒಂದು ಚಮಚಕ್ಕೆ ದೊಡ್ಡ ಲೋಟ ನೀರು. ಮೂರು ದಿನ ಆಗದಿದ್ದರೆ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯನ್ನು ವೈದ್ಯರನ್ನು ಕೇಳಿ ತಗೊಳ್ಳಿ. ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಸುವುದು ಈ ಔಷಧದ ಜೊತೆ ಸರಿಹೋಗುವುದಿಲ್ಲ, ವಾಂತಿ-ಭೇದಿ ಎರಡೂ ಶುರುವಾಗುತ್ತವೆ. ವಾಂತಿಗೆ ಕೊಡುವ ಆನ್‌ಡನ್‌ಸೆಟ್ರಾನ್ ಮಾತ್ರೆಯಿಂದಲೂ ಮಲ ಕಟ್ಟುತ್ತದೆ ಎಂಬುದು ನೆನಪಿರಲಿ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಆದರೆ ಕರುಳು ಕಟ್ಟಿರಬಹುದು. ಅದು ಮನೆಮದ್ದಿನ ವಿಷಯವಲ್ಲ.

ಶುಗರ್ ಲೋ ಆಗುವುದು

ಈ ಇಂಜೆಕ್ಷನ್ ಒಂದರಿಂದಲೇ ಶುಗರ್ ತೀರಾ ಇಳಿಯುವುದು ಅಪರೂಪ. ಜೊತೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದಾಗ ಇಳಿಯುತ್ತದೆ. ಮಾತ್ರೆ ನುಂಗಿರುತ್ತೀರಿ, ಹಸಿವಿಲ್ಲವೆಂದು ಅರ್ಧ ಇಡ್ಲಿ ತಿಂದಿರುತ್ತೀರಿ, ತೋಟದ ಏರು ಹತ್ತುವಾಗ ಕೈ ನಡುಗಿ ಬೆವರಿಳಿಯುತ್ತದೆ. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಕೈಯಲ್ಲಿಲ್ಲದಿದ್ದರೆ ಲಕ್ಷಣ ಕಂಡ ಕೂಡಲೇ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕರಗಿಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಅನ್ನ ಅಥವಾ ಇಡ್ಲಿ. ಚಾಕೊಲೇಟ್, ಹೋಳಿಗೆ ಇದಕ್ಕೆ ಬರುವುದಿಲ್ಲ, ಅವುಗಳ ಜಿಡ್ಡು ಸಕ್ಕರೆಯನ್ನು ತಡೆಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ತೋಟಕ್ಕೆ ಹೋಗುವಾಗ ಗ್ಲೂಕೋಸ್ ಪೊಟ್ಟಣ ಜೇಬಿನಲ್ಲಿರಲಿ. ಒಮ್ಮೆ ಹೀಗಾದರೆ ಆ ವಾರವೇ ಮಾತ್ರೆಯ ಡೋಸ್ ಇಳಿಸಲು ಕೇಳಿ, ಎರಡನೇ ಸಲಕ್ಕೆ ಕಾಯಬೇಡಿ.

ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಹಳೆಯ ಬಿಪಿ ಮಾತ್ರೆ ಹಾಗೇ ಮುಂದುವರಿದರೆ ತಲೆಸುತ್ತು. ತಿಂಗಳಿಗೊಮ್ಮೆ ಬಿಪಿ ನೋಡಿಸಿ.

ಸ್ನಾಯು, ಕೂದಲು, ಸುಸ್ತು

ಇಳಿಯುವ ತೂಕ ಬರೀ ಕೊಬ್ಬಲ್ಲ, ಅದರಲ್ಲಿ ಸ್ನಾಯುವೂ ಇರುತ್ತದೆ. ಅರುವತ್ತು ದಾಟಿದವರಿಗೆ ಇದು ಬೀಳುವ ಭಯ, ಮೆಟ್ಟಿಲು ಹತ್ತಲಾಗದ ಸುಸ್ತು. ತಡೆಯಲು ಎರಡೇ ದಾರಿ, ಪ್ರೋಟೀನ್ ಮತ್ತು ಸ್ನಾಯುವಿಗೆ ಕೆಲಸ. ಮೂತ್ರಪಿಂಡ ಸರಿಯಿರುವವರಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಎಪ್ಪತ್ತು ಕಿಲೋದವರಿಗೆ ದಿನಕ್ಕೆ 70ರಿಂದ 84 ಗ್ರಾಂ. ಅನ್ನ-ಸಾರಿನ ಊಟದಲ್ಲಿ, ಅದೂ ಅರ್ಧಕ್ಕಿಳಿದ ಊಟದಲ್ಲಿ ಇದು ತಾನಾಗಿ ಸಿಗುವುದಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 100 ಗ್ರಾಂ ಮೀನಿನಲ್ಲಿ 18ರಿಂದ 20, 50 ಗ್ರಾಂ ಪನೀರ್‌ನಲ್ಲಿ ಸುಮಾರು 9, 25 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 13, ಗಟ್ಟಿ ತೊವ್ವೆಯ ಒಂದು ಬಟ್ಟಲಿನಲ್ಲಿ 6ರಿಂದ 8, ಒಂದು ಹಿಡಿ ಹುರಿಗಡಲೆಯಲ್ಲಿ 6. ತಟ್ಟೆಯಲ್ಲಿ ಇವನ್ನು ಮೊದಲು ತಿನ್ನಿ, ಅನ್ನ ಕೊನೆಗೆ. ಹೊಟ್ಟೆ ಬೇಗ ತುಂಬುವುದರಿಂದ ಈ ಕ್ರಮಕ್ಕೆ ಅರ್ಥವಿದೆ. ಹುರಿದ ಮೀನಿನ ಬದಲು ತೆಳು ಮೀನು ಸಾರು ಇರಲಿ.

ನಡಿಗೆ ಒಂದೇ ಸಾಲದು. ವಾರಕ್ಕೆ ಎರಡು-ಮೂರು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ಎರಡು ಲೀಟರ್‌ನ ನೀರಿನ ಬಾಟಲಿ ಎತ್ತುವುದು, ಇಷ್ಟರಿಂದ ಶುರುಮಾಡಬಹುದು.

ಶುರುಮಾಡಿ ಮೂರ್ನಾಲ್ಕು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರಬಹುದು. ತೂಕ ವೇಗವಾಗಿ ಇಳಿದಾಗ ಹಾಗಾಗುತ್ತದೆ, ತೂಕ ಸ್ಥಿರವಾದ ಮೇಲೆ ಮತ್ತೆ ಬೆಳೆಯುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂಶ), ಬಿ12, ಥೈರಾಯ್ಡ್ ಒಮ್ಮೆ ನೋಡಿಸಿ. ಮೆಟ್‌ಫಾರ್ಮಿನ್ ಬಹುಕಾಲ ತಗೊಂಡವರಲ್ಲಿ ಬಿ12 ಮೊದಲೇ ಕಡಿಮೆ ಇರಬಹುದು.

ಕಾಯಬಾರದ ಲಕ್ಷಣಗಳು

ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಹಿಡಿದು ಬೆನ್ನಿಗೆ ಹೊಡೆಯುವ ನೋವು, ಜೊತೆಗೆ ವಾಂತಿ: ಮೇದೋಜೀರಕದ ಉರಿಯೂತ ಇರಬಹುದು. ಓಕರಿಕೆಯ ಸಂಕಟ ಬಂದುಹೋಗುತ್ತದೆ, ಈ ನೋವು ಹೋಗುವುದಿಲ್ಲ. ಮುಂದಿನ ಇಂಜೆಕ್ಷನ್ ಬೇಡ. ರಕ್ತದಲ್ಲಿ ಲೈಪೇಸ್ ಪರೀಕ್ಷೆ ಆಗಬೇಕು.

ಬಲಪಕ್ಕೆಲುಬಿನ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿ: ಪಿತ್ತಕೋಶ. ತೂಕ ಬೇಗ ಇಳಿದವರಲ್ಲಿ ಕಲ್ಲು ಕಟ್ಟುವುದು ಹೆಚ್ಚು.

ಒಂದು ಕಣ್ಣಿನ ದೃಷ್ಟಿ ದಿಢೀರನೆ ಮಂಕಾಗುವುದು, ಮುಖ-ಗಂಟಲು ಊದಿ ಉಸಿರು ಕಟ್ಟುವುದು: ಆ ಗಂಟೆಯಲ್ಲೇ ಆಸ್ಪತ್ರೆ.

ಜ್ವರ ಈ ಇಂಜೆಕ್ಷನ್ನಿನ ಅಡ್ಡ ಪರಿಣಾಮವಲ್ಲ. ಮಲೆನಾಡಿನಲ್ಲಿ ಇದನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಈಗಲೂ ಬರುತ್ತದೆ. ಅದರಲ್ಲೂ ವಾಂತಿ, ಭೇದಿ, ಸುಸ್ತು ಇರುತ್ತದೆ, ಜೊತೆಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ದರಗು, ಸೊಪ್ಪಿಗೆ ಕಾಡಿಗೆ ಹೋಗಿದ್ದವರು, ಉಣುಗು ಕಚ್ಚಿಸಿಕೊಂಡವರು ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿ ಮಲಗಬೇಡಿ, ರಕ್ತಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಇಲಿಜ್ವರ, ಡೆಂಗಿಗೂ ಇದೇ ಮಾತು.

ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70. ಮಣಿಪಾಲಕ್ಕಾದರೆ ಘಾಟಿ ಇಳಿಯಬೇಕು, ಗುಡ್ಡ ಕುಸಿದರೆ ದಾರಿಯೇ ಇಲ್ಲ. ಸಂಜೆ ಶುರುವಾದ ಹೊಟ್ಟೆನೋವನ್ನು ಬೆಳಗಿನವರೆಗೆ ನೋಡೋಣ ಎನ್ನುವುದು ಪೇಟೆಯವರಿಗೆ ನಡೆದೀತು, ಒಳಹಳ್ಳಿಯವರು ಕತ್ತಲಾಗುವ ಮುಂಚೆ ಹೊರಡಬೇಕು. ಹೋಗುವಾಗ ಪೆನ್ನು ಅಥವಾ ಅದರ ಡಬ್ಬಿ ಕೈಯಲ್ಲಿರಲಿ.

ಡೋಸ್ ತಪ್ಪಿದರೆ, ಆಪರೇಷನ್ ಇದ್ದರೆ

ಒಜೆಂಪಿಕ್ ಮರೆತು ಐದು ದಿನದೊಳಗೆ, ಮೌಂಜಾರೋ ನಾಲ್ಕು ದಿನದೊಳಗೆ ನೆನಪಾದರೆ ಹಾಕಿಕೊಳ್ಳಿ. ದಾಟಿದ್ದರೆ ಬಿಟ್ಟು ಮುಂದಿನ ವಾರ. ಎರಡು ಡೋಸ್ ಒಟ್ಟಿಗೆ ಎಂದೂ ಬೇಡ. ಚುಚ್ಚಿಕೊಳ್ಳುವ ದಿನ ಬದಲಿಸುವಾಗ ಎರಡು ಡೋಸ್‌ಗಳ ನಡುವೆ ಕನಿಷ್ಠ ಮೂರು ದಿನ ಇರಲಿ. ಎರಡು-ಮೂರು ವಾರ ತಪ್ಪಿದ ಮೇಲೆ ಹಳೆಯ ದೊಡ್ಡ ಡೋಸ್‌ಗೇ ನೇರವಾಗಿ ಮರಳಿದರೆ ಹೊಟ್ಟೆ ತಡೆಯುವುದಿಲ್ಲ, ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕೇ ಎಂದು ಕೇಳಿ.

ಅರಿವಳಿಕೆ ಕೊಡುವ ಯಾವ ಆಪರೇಷನ್ ಇದ್ದರೂ, ಎಂಡೋಸ್ಕೋಪಿ ಇದ್ದರೂ ಅರಿವಳಿಕೆ ವೈದ್ಯರಿಗೆ ಈ ಇಂಜೆಕ್ಷನ್ ವಿಷಯ ಮೊದಲೇ ಹೇಳಿ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಅನಾಹುತ.

ಮಗು ಬೇಕೆಂದಿರುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು, ಟಿರ್ಜೆಪಟೈಡನ್ನು ಒಂದು ತಿಂಗಳು ಮುಂಚೆ ನಿಲ್ಲಿಸಬೇಕು. ಬೇಡವೆಂದು ಗರ್ಭನಿರೋಧಕ ಮಾತ್ರೆ ನುಂಗುವವರಿಗೂ ಒಂದು ಸೂಚನೆ: ಮೌಂಜಾರೋ ಶುರುಮಾಡಿದಾಗ, ಪ್ರತಿ ಸಲ ಡೋಸ್ ಏರಿಸಿದಾಗ, ಮುಂದಿನ ನಾಲ್ಕು ವಾರ ಮಾತ್ರೆ ಸರಿಯಾಗಿ ಹೀರಿಕೆಯಾಗದಿರಬಹುದು. ಆಗ ಕಾಂಡೋಮ್ ಕೂಡ ಬಳಸಿ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ.

ಬಳಸಿದ ಸೂಜಿ

ಪ್ರತಿ ಸಲ ಹೊಸ ಸೂಜಿ. ಬಳಸಿದ್ದನ್ನು ಪೆನ್ನಿನಲ್ಲೇ ಬಿಟ್ಟರೆ ಔಷಧ ಸೋರುತ್ತದೆ, ಗಾಳಿ ಸೇರುತ್ತದೆ. ತೆಗೆದದ್ದನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಫಿನಾಯಿಲ್ ಡಬ್ಬಿಯಂಥದ್ದಾದರೆ ಒಳ್ಳೆಯದು, ಹಾಕಿ ಮುಚ್ಚಳ ಬಿಗಿಮಾಡಿ, ಮೇಲೆ ಸೂಜಿ ಎಂದು ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದಲ್ಲಿಡಿ. ಕೊಟ್ಟಿಗೆ ಗೊಬ್ಬರದ ಗುಂಡಿಗೆ, ತೋಟದ ದರಗಿಗೆ ಎಸೆಯಬೇಡಿ. ಆ ಗೊಬ್ಬರವನ್ನು ಬರಿಗೈಯಲ್ಲಿ ಎತ್ತಿ ಮರದ ಬುಡಕ್ಕೆ ಹಾಕುವವರು ಬೇರೆಯವರು, ಅವರ ಅಂಗೈಗೆ ಅದು ಚುಚ್ಚುತ್ತದೆ. ಮುಕ್ಕಾಲು ತುಂಬಿದ ಡಬ್ಬಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನಿಮ್ಮ ವೈದ್ಯರಲ್ಲೋ ಕೇಳಿ, ಅವರ ಆಸ್ಪತ್ರೆ ತ್ಯಾಜ್ಯದ ಜೊತೆ ಕೊಟ್ಟುಬನ್ನಿ.